ನಿಧಿಯೋ, ನಿಕ್ಷೇಪವೋ?

ತನ್ನ ದುಡಿಮೆಯಿಂದ ಬಾರದೆ ಕೈಗೆ ಒದಗಿದ ಧನವು ಎರಡು ಬಗೆಯಾಗಿರುವುದು. ಒಂದು ನಿಧಿ, ಇನ್ನೊಂದು ನಿಕ್ಷೇಪ. ಒಡೆಯನು ಯಾರೆಂದು ತಿಳಿಯದೆ ನೆಲದಲ್ಲಿ ಹೂತುಹೋಗಿದ್ದು, ಬಹುಕಾಲದ ಮೇಲೆ ಯಾರದೋ ಗುದ್ದಲಿಗೆ ತಗುಲಿದ ಧನವು ನಿಧಿಯೆನಿಸುವುದು. ಒಡೆಯನು ಮರಳಿ ಬಂದು ಕೇಳುವನೆಂಬ ನಂಬುಗೆಯ ಮೇಲೆ ಒಬ್ಬನ ವಶದಲ್ಲಿ ಇರಿಸಿದ ಧನವು ನಿಕ್ಷೇಪವೆನಿಸುವುದು. ನಿಧಿಯನ್ನು ಕಂಡವನಿಗೆ ಅದರಲ್ಲಿ ಪಾಲುಂಟು. ನಿಕ್ಷೇಪವನ್ನು ಇಟ್ಟುಕೊಂಡವನಿಗೆ ಕಾಯುವ ಹೊಣೆಯುಂಟೇ ಹೊರತು ಉಣ್ಣುವ ಹಕ್ಕಿಲ್ಲ. ಇಂದಿನ ಭೂಶಾಸ್ತ್ರಜ್ಞರು ಅದಿರಿರುವ ನೆಲೆಯನ್ನು ಖನಿಜ ನಿಕ್ಷೇಪವೆಂದು ಕರೆಯುವರು. ಆದರೆ ಲೋಕವು ಅದನ್ನು ನಡೆಸಿಕೊಳ್ಳುವ ರೀತಿ ಮಾತ್ರ ನಿಧಿಯದು: ಮೊದಲು ಕಂಡವನು ಮೊದಲು ಅಗೆಯುವನು. ಹೆಸರಿಗೂ ನಡೆಗೂ ನಡುವಣ ಈ ವ್ಯತ್ಯಾಸವು ಬರಿಯ ಶಬ್ದವಿಚಾರವಲ್ಲ. ಇಂದಿನ ಗೃಹಸ್ಥನ ಅಂಗಳದವರೆಗೂ ಬಂದು ನಿಂತಿರುವ ಧರ್ಮವಿಚಾರವಾಗಿದೆ.

ಈ ವಿಚಾರಕ್ಕಾಗಿ ಬೀದರ ಸೀಮೆಯವರು ದೂರ ಹೋಗಬೇಕಾಗಿಲ್ಲ. ಇಂದಿನ ಬಸವಕಲ್ಯಾಣವೇ ಅಂದು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಕಲ್ಯಾಣ. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯು ನಿಧಿಗೆ ಒಂದು ವಿಧಿಯನ್ನೂ ಒಪ್ಪಿಸಿದ ಧನಕ್ಕೆ ಬೇರೊಂದು ವಿಧಿಯನ್ನೂ ಹೇಳುವುದು. ನಿಕ್ಷೇಪದಲ್ಲಿಯೇ ಒಂದು ಬಗೆಯಾಗಿ, ಪೆಟ್ಟಿಗೆಯಲ್ಲಿಟ್ಟು ಒಳಗೇನಿದೆಯೆಂದು ತಿಳಿಸದೆ ಒಪ್ಪಿಸಿದ ಒಡವೆಯನ್ನು ಉಪನಿಧಿಯೆಂದು ಕರೆದು, ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕೆಂದು ವಿಧಿಸಿದೆ. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಕಾಯುವವನ ಮೇಲೆ ಹೊಣೆಯಿಲ್ಲ. ಆದರೆ ಕಾಯುವವನೇ ತನ್ನ ಇಚ್ಛೆಯಂತೆ ಅದರಿಂದ ಜೀವನ ಮಾಡಿಕೊಂಡನಾದರೆ ದಂಡವನ್ನೂ ತೆರಬೇಕು, ವೃದ್ಧಿಸಹಿತವಾಗಿ ಒಡವೆಯನ್ನೂ ಕೊಡಬೇಕು. ಮುಚ್ಚಿದ ಪೆಟ್ಟಿಗೆ, ತಿಳಿಸದ ಲೆಕ್ಕ, ಮರಳಿ ಕೇಳುವ ಒಡೆಯ: ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ಭೂಮಿಯ ಕಡೆಗೆ ನೋಡಬೇಕು.

ಭೂಮಂಡಲದ ಉತ್ತರದಲ್ಲಿ ಗ್ರೀನ್‌ಲೆಂಡ್ ಎಂಬ ಹಿಮದ ನಾಡಿರುವುದು. ಅದರ ಮೂಡಣ ಭಾಗದಲ್ಲಿ ಹಿಮನದಿಗಳಿಂದ ಸುತ್ತುವರಿದ ಮಾಲ್ಮ್‌ಬ್ಯೆರ್ಗ್ ಎಂಬ ಬೆಟ್ಟವುಂಟು. ಡ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಅದಿರಿನ ಬೆಟ್ಟವೆಂದೇ ಅರ್ಥ. ೧೯೫೪ರಲ್ಲಿ ಅಲ್ಲಿ ಮಾಲಿಬ್ಡಿನಮ್ ಎಂಬ ಲೋಹದ ಅದಿರು ಕಂಡುಬಂದಿತು. ಎಪ್ಪತ್ತು ವರ್ಷಗಳ ತರುವಾಯ, ೨೦೨೫ರಲ್ಲಿ, ಗ್ರೀನ್‌ಲೆಂಡಿನ ಸರ್ಕಾರವು ಅಲ್ಲಿ ೩೦ ವರ್ಷಗಳ ಕಾಲ ಗಣಿ ನಡೆಸಲು ಪರವಾನಗಿಯನ್ನು ಕೊಟ್ಟಿತು. ಅದೇ ೨೦೨೫ನೆಯ ವರ್ಷವನ್ನು ವಿಶ್ವಸಂಸ್ಥೆಯು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿತ್ತು. ಒಂದೇ ವರ್ಷದಲ್ಲಿ ಲೋಕವು ಹಿಮವನ್ನು ಉಳಿಸುವ ಸಂಕಲ್ಪವನ್ನೂ ಮಾಡಿತು, ಹಿಮದ ಮಗ್ಗುಲಲ್ಲಿ ಅಗೆಯುವ ಅಪ್ಪಣೆಯನ್ನೂ ಪಡೆಯಿತು. ಆ ಬೆಟ್ಟದ ಸಮೀಪದ ಮೆಸ್ಟರ್ಸ್‌ವಿಗ್ ಎಂಬಲ್ಲಿ ೧೯೫೬ರಿಂದ ೧೯೬೩ರವರೆಗೆ ಸೀಸ ಮತ್ತು ಸತುವಿನ ಗಣಿಯೊಂದು ನಡೆದಿತ್ತು. ಗಣಿ ಏಳು ವರ್ಷಗಳಲ್ಲಿ ಮುಗಿಯಿತು. ಅಲ್ಲಿಂದ ಹರಿದ ಲೋಹದ ಕಲ್ಮಷವು ಹತ್ತಿರದ ಕಡಲಿನಲ್ಲಿ ದಶಕಗಳ ಮೇಲೆಯೂ ಕಾಣಸಿಕ್ಕಿತು.

ಈ ಮಾಲಿಬ್ಡಿನಮ್ ಎಂಬುದು ಏನು? ಅದರ ಅದಿರು ಕಪ್ಪಗೆ, ಮೆತ್ತಗೆ, ಕೈಗೆ ಮಸಿಯಂತೆ ಹತ್ತುವುದು. ಹಿಂದಿನವರು ಅದನ್ನು ಸೀಸವೆಂದೇ ಭ್ರಮಿಸಿದ್ದರಿಂದ ಸೀಸಕ್ಕೆ ಗ್ರೀಕರಲ್ಲಿದ್ದ ಹೆಸರೇ ಇದಕ್ಕೂ ಬಂದಿತು. ೧೭೭೮ರಲ್ಲಿ ಸ್ವೀಡನ್ನಿನ ಶೀಲೆ ಎಂಬ ವಿದ್ವಾಂಸನು ಇದು ಸೀಸವಲ್ಲ, ಬೇರೆ ಧಾತುವೆಂದು ತೋರಿಸಿಕೊಟ್ಟನು. ಸುಮಾರು ೨,೬೦೦ ಡಿಗ್ರಿ ಸೆಂಟಿಗ್ರೇಡಿನ ಶಾಖವನ್ನು ಮೀರಿದ ಹೊರತು ಈ ಲೋಹ ಕರಗದು. ಉಕ್ಕಿಗೆ ಸ್ವಲ್ಪವೇ ಬೆರೆಸಿದರೂ ಉಕ್ಕು ಕಾವಿಗೂ ತುಕ್ಕಿಗೂ ಎದೆಗೊಟ್ಟು ನಿಲ್ಲುವುದು. ಯಂತ್ರಗಳು, ಕೊಳವೆಗಳು, ವಿದ್ಯುಚ್ಛಕ್ತಿಯ ಕಾರ್ಖಾನೆಗಳು ಇದನ್ನು ಬೇಡುವುವು. ಆದಕಾರಣ ಇದನ್ನು ಹುಡುಕುವವರನ್ನು ದುಷ್ಟರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯೂ ಗಣಿಯಿಂದಲೇ ಬಂದುದು. ನೇಗಿಲಿನ ಕುಳವೂ ಗಣಿಯಿಂದಲೇ ಬಂದುದು. ಅಗೆಯಬಾರದೆಂಬುದು ಇಲ್ಲಿಯ ವಾದವಲ್ಲ. ಎಲ್ಲಿ, ಎಷ್ಟು, ಯಾವ ಹಕ್ಕಿನಿಂದ ಅಗೆಯಬಹುದೆಂಬುದೇ ಪ್ರಶ್ನೆ.

ಇದರೊಳಗೆ ಇನ್ನೂ ಸೂಕ್ಷ್ಮವಾದ ಒಂದು ಗಂಟಿರುವುದು. ಸಾವಿರಾರು ವರ್ಷ ಬಂಡೆಯನ್ನು ಮುಚ್ಚಿದ್ದ ಹಿಮವು ಲೋಕದ ತಾಪ ಏರಿದಂತೆ ಹಿಂದೆ ಸರಿಯುವುದು. ಗಂಗೆಯ ಉಗಮವಾದ ಗೋಮುಖವೂ ಕಳೆದ ಶತಮಾನದುದ್ದಕ್ಕೂ ಹೀಗೆ ಹಿಂದೆ ಸರಿಯುತ್ತ ಬಂದಿದೆ. ಹಿಮ ಸರಿದಲ್ಲಿ ಬಂಡೆ ಬಯಲಾಗುವುದು. ಬಯಲಾದ ಬಂಡೆಯಲ್ಲಿ ಅದಿರಿನ ಎಳೆ ಹೊಳೆಯುವುದು. ಆಗ ಮನುಷ್ಯನು, ಇಷ್ಟು ದಿನ ಮರೆಯಾಗಿದ್ದುದು ಈಗ ತಾನಾಗಿ ಎದುರಿಗೆ ಬಂದಿದೆ, ತೆಗೆದುಕೊಂಡರೆ ತಪ್ಪೇನು ಎನ್ನುವನು. ಒಂದು ನಷ್ಟವು ತೆರೆದು ತೋರಿದ ಒಡವೆ ಲಾಭವಾಗಬಹುದೆ? ಮಳೆಗೆ ನೆರೆಮನೆಯ ಗೋಡೆ ಬಿದ್ದು ಒಳಗಿನ ಹಗೇವು ಕಾಣಿಸಿದರೆ ಅದರ ಜೋಳವು ದಾರಿಗನದಾಗುವುದೆ? ಹಿಮದ ನಾಡಿನ ಪ್ರಶ್ನೆಯನ್ನು ಇಷ್ಟಕ್ಕೆ ಇಳಿಸಿದರೆ ಅದು ಯಾವ ಹಳ್ಳಿಯ ಗೃಹಸ್ಥನಿಗೂ ಅರ್ಥವಾಗದೆ ಇರದು.

ಬೀದರಿನಲ್ಲಿ ಹಿಮವೆಲ್ಲಿದೆಯೆಂದು ಯಾರಾದರೂ ಕೇಳಬಹುದು. ಹಿಮವು ಮಾಡುವ ಕೆಲಸವನ್ನು ನೋಡಿದರೆ ಉತ್ತರ ದೊರೆಯುವುದು. ಒಂದು ಋತುವಿನ ನೀರನ್ನು ತನ್ನಲ್ಲಿ ಹಿಡಿದಿಟ್ಟು, ಇನ್ನೊಂದು ಋತುವಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುವುದೇ ಹಿಮದ ಕೆಲಸ. ಬೀದರ ನಗರವು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲೆ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನಿಂತಿರುವುದು. ಈ ಕೆಂಪು ಕಲ್ಲು ಜೇನುಹುಟ್ಟಿನಂತೆ ಮೈತುಂಬ ರಂಧ್ರವುಳ್ಳದ್ದು. ಮುಂಗಾರಿನ ನೀರು ಅದರೊಳಗೆ ಇಳಿದುಹೋಗುವುದು. ಕೆಳಗೆ ಜೇಡಿಯ ಪದರವೂ ಅದರಡಿಯಲ್ಲಿ ಬಿಗಿಯಾದ ಕರಿಕಲ್ಲೂ ಇದ್ದು, ನೀರು ಇನ್ನೂ ಇಳಿಯದಂತೆ ತಡೆಯುವುವು. ತಡೆದ ನೀರು ಅಡ್ಡಲಾಗಿ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುವುದು. ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ, ಸಿಖ್ಖರ ಪವಿತ್ರ ಕ್ಷೇತ್ರವಾದ ಗುರುನಾನಕ ಝೀರಾ, ಶಿವಾಲಯವಿರುವ ಪಾಪನಾಶ: ಇವೆಲ್ಲವೂ ಈ ಕೆಂಪು ಕಲ್ಲಿನ ಹೃದಯದಿಂದ ಒಸರಿದ ನೀರಿನ ನೆಲೆಗಳೇ. ಕಲ್ಲಿಗೆ ಮತದ ಭೇದವಿಲ್ಲ. ಎಲ್ಲರ ತೀರ್ಥವೂ ಅದರದೇ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಬೀದರಿಗೆ ತಂದಾಗ, ಪಾರಸಿಕ ದೇಶದ ವಿದ್ಯೆಯನ್ನು ಬಲ್ಲವರು ಇಲ್ಲಿ ಸುರಂಗ ಬಾವಿಗಳನ್ನು ತೋಡಿದರು. ಇವನ್ನು ಕರೇಜ್ ಎಂದು ಕರೆಯುವರು. ನೌಬಾದಿನ ಕರೇಜ್ ಸುಮಾರು ೩ ಕಿಲೋಮೀಟರು ಉದ್ದವಿದ್ದು, ೨೦ಕ್ಕೂ ಹೆಚ್ಚು ಬಾವಿಯಂಥ ಬಾಯಿಗಳನ್ನು ಹೊಂದಿದೆ. ಎತ್ತರದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ನೆಲದೊಳಗೆ ಅತಿ ಸಣ್ಣ ಇಳಿಜಾರಿನ ಸುರಂಗ. ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಮೇಲಕ್ಕೆ ತೆರೆದ ಬಾಯಿ. ಎತ್ತಿಲ್ಲ, ಯಾತವಿಲ್ಲ, ಯಂತ್ರವಿಲ್ಲ. ನೀರು ತನ್ನ ಭಾರದಿಂದಲೇ ನಡೆದುಬರುವುದು. ಇದರಲ್ಲಿ ವಿಚಾರಿಗಳು ಗಮನಿಸತಕ್ಕ ಒಂದು ಗುಣವುಂಟು. ಕರೇಜ್ ತನ್ನ ನೆಲಗಟ್ಟಿಗಿಂತ ಕೆಳಗಿನ ಒಂದು ತಂಬಿಗೆ ನೀರನ್ನೂ ತೆಗೆಯಲಾರದು. ಕಲ್ಲು ತುಂಬಿ ಮಿಕ್ಕುದನ್ನು ಮಾತ್ರ ಅದು ಸ್ವೀಕರಿಸುವುದು. ಮಳೆ ಹೆಚ್ಚಿದ ವರ್ಷ ಹೆಚ್ಚು, ಕಡಿಮೆಯಾದ ವರ್ಷ ಕಡಿಮೆ. ಆಸೆಗೆ ಎಲ್ಲೆಯನ್ನು ಮನಸ್ಸಿನಲ್ಲಿಡದೆ ಕಲ್ಲಿನಲ್ಲಿಯೇ ಕಡೆದಿಟ್ಟ ವಿದ್ಯೆಯಿದು.

ಕೊಳವೆ ಬಾವಿಯ ಸ್ವಭಾವ ಇದಕ್ಕೆ ವಿರುದ್ಧ. ನೀರು ಕೆಳಗಿಳಿದಷ್ಟೂ ಅದು ಬೆನ್ನಟ್ಟಿ ಇಳಿಯುವುದು. ನೂರು ಅಡಿಯಲ್ಲಿ ಸಿಕ್ಕದಿದ್ದರೆ ಇನ್ನೂರು, ಇನ್ನೂರರಲ್ಲಿ ಸಿಕ್ಕದಿದ್ದರೆ ಐನೂರು. ಹಿಮ ಸರಿದಂತೆಲ್ಲ ಅದರ ಹಿಂದೆಯೇ ಸಾಗುವ ಗಣಿಯ ಶೋಧಕನಿಗೂ, ನೀರು ಸರಿದಂತೆಲ್ಲ ಅದರ ಹಿಂದೆಯೇ ಇಳಿಯುವ ಕೊಳವೆಗೂ ನಡೆಯೊಂದೇ. ಹಿಂದೆ ಸರಿಯುವುದು ನಿಲ್ಲೆಂಬ ಸಂಜ್ಞೆಯಾಗಿರಲು, ಇವರಿಗೆ ಅದು ಬಾ ಎಂಬ ಕರೆಯಾಗಿ ಕೇಳಿಸುವುದು.

ಮೇಲಾಗಿ ಈ ಪ್ರಸ್ಥಭೂಮಿಯಲ್ಲಿಯೂ ಖನಿಜವಿಲ್ಲದಿಲ್ಲ. ಬಸವಕಲ್ಯಾಣದ ತೆಂಕಣ ದಿಕ್ಕಿನಲ್ಲಿ ಬಾಕ್ಸೈಟ್ ಇದೆ. ಕಮಠಾಣೆಯ ಹತ್ತಿರ ಬಿಳಿಯ ಜೇಡಿಯಿದೆ. ಬೀದರ ತಾಲೂಕಿನಲ್ಲಿ ಕೆಂಪು ಕಾವಿಯಿದೆ. ಮನೆಗಳ ಗೋಡೆಗೆ ಜಂಬಿಟ್ಟಿಗೆಯನ್ನು ಕಡಿಯುವುದಂತೂ ಪುರಾತನ ಕಾಲದಿಂದ ನಡೆದುಬಂದಿದೆ. ಇಲ್ಲಿ ತಿಳಿಯಬೇಕಾದುದೇನೆಂದರೆ, ಈ ಕೆಂಪು ಕಲ್ಲೇ ನೀರಿನ ಕೊಡ; ಕೆಳಗಿನ ಜೇಡಿಯೇ ಕೊಡದ ತಳ. ಖನಿಜವೆಂದು ಕಂಡುದೇ ಪಾತ್ರೆಯೂ ಆಗಿದೆ. ಹಿಮದ ಬೆಟ್ಟದಲ್ಲಿ ಅದಿರು ಪಾತ್ರೆಯ ಅಡಿಯಲ್ಲಿರುವುದು. ಬೀದರಿನಲ್ಲಿ ಪಾತ್ರೆಯೇ ಅದಿರು. ಒಂದು ಮನೆಗೆ ಬೇಕಾದ ಕಲ್ಲನ್ನು ಕಡಿದರೆ ಕೊಡಕ್ಕೆ ಗೀರು ಬೀಳಬಹುದು, ಕೊಡ ಒಡೆಯದು. ಮಿತಿಯಿಲ್ಲದೆ ಕಡಿದರೆ ಒಡೆದ ಕೊಡದ ಚೂರನ್ನು ಮಾರಿದಂತಾಗುವುದು.

ಬಿದರಿ ಕೆಲಸಗಾರರಲ್ಲಿ ಇದಕ್ಕೆ ಬೇರೊಂದು ಮಾದರಿ ದೊರೆಯುವುದು. ಸತುವಿಗೆ ತಾಮ್ರವನ್ನು ಬೆರೆಸಿ ಎರಕ ಹೊಯ್ದ ಪಾತ್ರೆಯಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿದ ಮೇಲೆ, ಮೈಯನ್ನು ಕಪ್ಪಗೆ ಮಾಡಲು ಅವರು ಬೀದರ ಕೋಟೆಯ ಮಣ್ಣನ್ನು ಬಳಸುವರು. ಮಳೆ ಬಿಸಿಲು ತಾಗದ ಹಳೆಯ ಎಡೆಯ ಮಣ್ಣನ್ನೇ ನಾಲಗೆಗೆ ಹಚ್ಚಿ ನೋಡಿ ಆರಿಸಿ, ನವಸಾಗರವನ್ನು ಸೇರಿಸಿ ನೀರಿನಲ್ಲಿ ಕಾಯಿಸುವರು. ಶತಮಾನಗಳಿಂದ ತೆಗೆದರೂ ಕೋಟೆ ಬಿದ್ದಿಲ್ಲ. ಅಲ್ಲಿ ಮಣ್ಣು ಸ್ವಲ್ಪ, ಕೈಕೆಲಸ ಬಹಳ. ಖನಿಜವೂ ಕಾಯಕಕ್ಕೆ ಒದಗಬಲ್ಲುದೆಂಬುದಕ್ಕೆ ಇದೊಂದು ಸಾಕ್ಷಿ.

ಪ್ರಸ್ಥಭೂಮಿಯನ್ನಿಳಿದು ಭಾಲ್ಕಿ, ಔರಾದ ತಾಲೂಕುಗಳ ಕಡೆಗೆ ನಡೆದರೆ ಕಪ್ಪು ನೆಲ. ಅಲ್ಲಿಯ ಬಾಳಿಗೆ ಆಧಾರ ಮಾಂಜ್ರಾ ನದಿ. ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ ಬೀದರ ಜಿಲ್ಲೆಯನ್ನು ಹಾಯ್ದು ಗೋದಾವರಿಯನ್ನು ಕೂಡುವ ಈ ನದಿಗೆ ಕಾರಂಜಾ ಉಪನದಿ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಕ್ಕೆ ಅಣೆಕಟ್ಟು ಕಟ್ಟಿರುವರು. ಮಳೆ ಕೈಬಿಟ್ಟ ವರ್ಷ ಇಲ್ಲಿಯ ಜನ ಏನು ಕಾಣಬೇಕಾಗುವುದೆಂಬುದು ೨೦೧೬ರಲ್ಲಿ ನೆರೆಯ ಲಾತೂರಿನಲ್ಲಿ ವಿದಿತವಾಯಿತು. ಮಾಂಜ್ರಾ ಜಲಾಶಯ ಬತ್ತಿಹೋಗಿ, ಆ ವರ್ಷದ ಏಪ್ರಿಲಿನಲ್ಲಿ ಮೀರಜಿನಿಂದ ರೈಲುಗಾಡಿಯಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. ಮೊದಲ ಗಾಡಿ ತಂದುದು ಸುಮಾರು ೫ ಲಕ್ಷ ಲೀಟರು. ಗಡಿಯ ಈಚೆಗೂ ಆಚೆಗೂ ಹೆಣ್ಣು ಕೊಟ್ಟು ತಂದ ಬೀಗತನಗಳಿರುವುದರಿಂದ, ಅದು ಪರರ ಕಷ್ಟವೆಂದು ಭಾಲ್ಕಿ ಔರಾದಗಳ ಮನೆಗಳಲ್ಲಿ ಯಾರೂ ತಿಳಿಯಲಿಲ್ಲ.

ಇಂಥ ವರ್ಷದಲ್ಲಿ ಮಾಂಜ್ರೆಯ ದಂಡೆಯ ಮೇಲೆ ಮೂರೆಕರೆ ಹೊಲವುಳ್ಳ ಒಬ್ಬ ಗೃಹಸ್ಥನನ್ನು ವಾಚಕರು ಭಾವಿಸಬೇಕು. ತೊಗರಿ ಒಣಗಿದೆ. ಸಾಲದ ಕಂತು ಬಂದಿದೆ. ಮಗಳ ಮದುವೆ ಗೊತ್ತಾಗಿದೆ. ಎದುರಿಗೆ ನೀರಿಲ್ಲದ ಹೊಳೆ; ಹೊಳೆಯ ತುಂಬ ಬರಿಯ ಮರಳು. ಆಗ ಒಬ್ಬನು ಬಂದು, ಲಾರಿಗಳು ಹೊಳೆಗೆ ಇಳಿಯಲು ನಿನ್ನ ಹೊಲದ ಅಂಚಿನಲ್ಲಿ ದಾರಿ ಕೊಡು, ತಿಂಗಳಿಗೆ ಇಷ್ಟು ಹಣ ಕೊಡುವೆನೆನ್ನುವನು. ನೀರು ಹೇಗೂ ಹೋಗಿದೆ, ಮರಳು ಸುಮ್ಮನೆ ಬಿದ್ದಿದೆ, ನೀನು ಕೊಡದಿದ್ದರೆ ಪಕ್ಕದವನು ಕೊಡುವನೆಂದೂ ಸೇರಿಸುವನು. ಗ್ರೀನ್‌ಲೆಂಡಿನ ಪ್ರಶ್ನೆಯೇ ಈ ಬಡವನ ಬಾಗಿಲಿಗೆ ಬಂದಿದೆ. ಇವನು ಲೋಭಿಯಲ್ಲ; ಕೈಕಟ್ಟಿದವನು. ಇವನಿಗೆ ಹೇಳಲಾಗದ ಧರ್ಮವು ಧರ್ಮವೇ ಅಲ್ಲ.

ಇಲ್ಲಿ ಎರಡು ಪೂರ್ವಪಕ್ಷಗಳುಂಟು. ಮೊದಲನೆಯದು: ಹಿಮ ಕರಗಿದ್ದು, ಹೊಳೆ ಬತ್ತಿದ್ದು ದೈವದಿಂದ. ದೈವದಿಂದಾದ ನಷ್ಟಕ್ಕೆ ಕಾಯುವವನು ಹೊಣೆಯಲ್ಲವೆಂದು ಸ್ಮೃತಿಯೇ ಹೇಳಿರಲು, ಉಳಿದುದನ್ನು ತೆಗೆದುಕೊಳ್ಳುವುದರಲ್ಲಿ ದೋಷವೇನು? ಇದಕ್ಕೆ ಸಮಾಧಾನ: ಇಂದಿನ ತಾಪವು ಕೇವಲ ದೈವಕೃತವಲ್ಲ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟ ಹೊಗೆಯಿಂದ ವಾಯುಮಂಡಲವು ಕಾವೇರಿದೆಯೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಹೊಳೆಯೂ ಮಳೆಯ ಕೊರತೆಯೊಂದರಿಂದಲೇ ಬತ್ತುವುದಿಲ್ಲ. ದಂಡೆಯ ಉದ್ದಕ್ಕೂ ಇಳಿದ ಕೊಳವೆಗಳೂ ಅದನ್ನು ಹೀರುವುವು. ತಾನೇ ಗೋಡೆಗೆ ನೀರು ಬಿಟ್ಟು ಬೀಳಿಸಿದವನು ದೈವ ಬೀಳಿಸಿತೆಂದು ಹೇಳಿ ಒಳಗಿನ ಜೋಳವನ್ನು ಹೊತ್ತರೆ, ಅದಕ್ಕೆ ದೈವದ ಹೆಸರು ಸಲ್ಲದು. ಒಂದುವೇಳೆ ದೈವವೇ ಬೀಳಿಸಿತೆಂದು ಒಪ್ಪಿದರೂ, ನಷ್ಟವಾದುದಕ್ಕೆ ಹೊಣೆಯಿಲ್ಲವೆಂಬ ಮಾತು ಉಳಿದುದನ್ನು ಉಣ್ಣಬಹುದೆಂಬ ಅಪ್ಪಣೆಯಾಗದು.

ಎರಡನೆಯದು: ಲೋಕಕ್ಕೆ ಲೋಹ ಬೇಕು, ಮನೆಗೆ ಮರಳು ಬೇಕು. ಬೇಕಾದುದನ್ನು ಭೂಮಿಯಲ್ಲದೆ ಬೇರಾರು ಕೊಡುವರು? ಈ ಮಾತಿನಲ್ಲಿ ಸತ್ಯವಿದೆ. ಆದರೆ ಬೇಕೆಂಬುದಕ್ಕೆ ಅಳತೆಯುಂಟು. ಆ ಅಳತೆಯನ್ನು ಈ ಮಾಲಿಬ್ಡಿನಮ್ಮೇ ಕಲಿಸುವುದು. ತೊಗರಿ, ಉದ್ದು, ಹೆಸರು, ಕಡಲೆಗಳ ಬೇರಿನಲ್ಲಿ ಸಣ್ಣ ಗಂಟುಗಳಿರುವುದನ್ನು ಬೀದರ ಸೀಮೆಯ ರೈತರೆಲ್ಲರೂ ಬಲ್ಲರು. ಅವುಗಳೊಳಗಿನ ಸೂಕ್ಷ್ಮ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಉಣಿಸುವುವು. ಆ ಕಾರ್ಯವನ್ನು ನಡೆಸುವ ಕಿಣ್ವದ ನಡುವೆ ಇದೇ ಲೋಹದ ಅಣುವಿರುವುದು. ಅದಿಲ್ಲದೆ ಗಂಟು ಬರಿದು, ಬೆಳೆ ಬಿಳುಪು. ಆದರೆ ಅದು ಬೇಕಾಗುವುದು ಒಂದು ಎಕರೆಗೆ ಕೆಲವೇ ಗ್ರಾಮುಗಳಷ್ಟು. ಮನುಷ್ಯನ ದೇಹಕ್ಕೆ ದಿನಕ್ಕೆ ೪೫ ಮೈಕ್ರೊಗ್ರಾಮು ಸಾಕು. ಎಂದರೆ ಒಂದು ಗ್ರಾಮನ್ನು ಇಪ್ಪತ್ತೆರಡು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಔರಾದದ ಒಂದು ಹಿಡಿ ಬೇಳೆಯಲ್ಲಿ ಈ ಅಂಶ ಕೇಳದೆಯೇ ಬಂದು ಸೇರಿರುವುದು. ಯಾವುದು ಕಣದಷ್ಟರಲ್ಲಿ ಜೀವವನ್ನು ನಡೆಸುವುದೋ ಅದನ್ನು ಬೆಟ್ಟದಷ್ಟು ಬೇಡುವುದು ಜೀವವಲ್ಲ, ಬೇರೊಂದು ಹಸಿವು.

ಹಾಗಾದರೆ ಸಿದ್ಧಾಂತವೇನು? ಭೂಮಿಯನ್ನೂ ಬೆಳೆಯನ್ನೂ ಕೊಟ್ಟವನನ್ನು ಮರೆತು ಉಣ್ಣುವುದನ್ನು ದಾಸಿಮಯ್ಯ ಮೊದಲಾದ ಶರಣರು ಕಟುವಾಗಿ ನಿಂದಿಸಿದ್ದಾರೆ. ಅವರ ಮಾತಿನಂತೆ ಎಲ್ಲವೂ ಶಿವನು ಕೊಟ್ಟ ದಾನವಾದರೆ, ದಾನ ಪಡೆದವನು ಅದಕ್ಕೆ ಒಡೆಯನೇ ಆದನಲ್ಲವೆ ಎಂದು ಒಬ್ಬನು ತರ್ಕಿಸಬಹುದು. ಇಲ್ಲಿ ವಿವೇಕ ಬೇಕು. ತಾಯಿ ಮಗುವಿಗೆ ಹಾಲನ್ನು ಕೊಡುವಳು, ಎದೆಯನ್ನು ಕತ್ತರಿಸಿಕೊಡುವುದಿಲ್ಲ. ಮರ ಹಣ್ಣನ್ನು ಕೊಡುವುದು. ಹಣ್ಣು ಪಡೆದವನಿಗೆ ಬೇರಿನ ಮೇಲೆ ಹಕ್ಕು ಹುಟ್ಟದು. ಮತ್ತೆ ಮತ್ತೆ ಬರುವ ಫಲವು ದಾನ. ಆ ಫಲವನ್ನು ಹೊತ್ತುತರುವ ಪಾತ್ರೆಯು ನಿಕ್ಷೇಪ. ಒರತೆಯ ನೀರು ದಾನ, ಕೆಂಪು ಕಲ್ಲು ನಿಕ್ಷೇಪ. ಹೊಳೆಯ ನೀರು ದಾನ, ಮರಳಿನ ಹಾಸು ನಿಕ್ಷೇಪ. ಹಿಮದಿಂದ ಕರಗಿ ಬರುವ ಬೇಸಗೆಯ ಹೊನಲು ದಾನ, ಹಿಮದ ರಾಶಿ ನಿಕ್ಷೇಪ. ಇದರ ಒಡೆಯನು ಶಿವನು. ಕೇಳಲು ಬರುವವರು ಇನ್ನೂ ಹುಟ್ಟದ ಮಕ್ಕಳು.

ಈ ಸಿದ್ಧಾಂತದಿಂದ ವ್ಯವಹಾರದಲ್ಲಿ ಒಂದು ಒರೆಗಲ್ಲು ದೊರೆಯುವುದು. ಹಿಂದೆ ಸರಿದುದು ಮರಳಿ ಬರಲು ಈ ತೆಗೆಯುವಿಕೆ ದಾರಿ ಮಾಡುವುದೋ, ದಾರಿ ಮುಚ್ಚುವುದೋ ಎಂದು ನೋಡಬೇಕು. ಕೆರೆ ಬತ್ತಿದಾಗ ರೈತರು ಬಂಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊತ್ತುಹಾಕುವುದು ಪೂರ್ವದಿಂದ ಬಂದ ರೂಢಿ. ಅದೂ ನೀರು ಸರಿದು ಬಯಲಾದ ಒಡವೆಯೇ. ಆದರೆ ಹೂಳು ಹೋದಷ್ಟು ಕೆರೆ ಆಳವಾಗುವುದು, ಮುಂದಿನ ಮಳೆಗೆ ಹೆಚ್ಚು ನೀರು ನಿಲ್ಲುವುದು, ಹೊಲವೂ ಕೊಬ್ಬುವುದು. ಇದು ಪುಣ್ಯಕಾರ್ಯ. ಬತ್ತಿದ ಹೊಳೆಯ ಮರಳನ್ನು ಲಾರಿ ತುಂಬುವುದು ಹೊರನೋಟಕ್ಕೆ ಇದರಂತೆಯೇ ತೋರುವುದು. ಫಲ ಮಾತ್ರ ಬೇರೆ. ಮರಳಿನ ಕಾಳುಕಾಳಿನ ನಡುವೆ ನೀರು ಅಡಗಿ ನಿಂತು ದಂಡೆಯ ಬಾವಿಗಳಿಗೆ ಒಸರುವುದು. ಮರಳು ಹೋಗಿ ಹೊಳೆಯ ತಳ ಇಳಿದಷ್ಟೂ ದಂಡೆಯ ಬಾವಿಗಳ ನೀರೂ ಇಳಿಯುವುದು. ಮಳೆ ಮರಳಿ ಬಂದರೂ ನೀರಿಗೆ ಕುಳಿತುಕೊಳ್ಳಲು ಹಾಸಿಗೆಯಿಲ್ಲ. ಹಿಮದ ನೆರೆಯಲ್ಲಿ ಅಗೆದಾಗ ಏಳುವ ಧೂಳು ಹಿಮದ ಬಿಳುಪನ್ನು ಕಪ್ಪಾಗಿಸಿ, ಬಿಸಿಲನ್ನು ಹೆಚ್ಚಾಗಿ ಹೀರಿಸಿ, ಕರಗುವಿಕೆಯನ್ನು ಇನ್ನೂ ಬೇಗನೆ ನಡೆಸುವುದು. ಕಿರ್ಗಿಜ್ ದೇಶದ ಕುಮ್ತೋರ್ ಎಂಬ ಚಿನ್ನದ ಗಣಿಯಲ್ಲಿ ಹಿಮನದಿಯ ಮೈಯ ಮೇಲೆಯೇ ಕಲ್ಲುಮಣ್ಣಿನ ರಾಶಿಯನ್ನು ಸುರಿದು, ಹಿಮವನ್ನೇ ಅಗೆದು ತೆಗೆದರು. ಅಲ್ಲಿ ಹಿಮಕ್ಕೆ ಮರಳಿ ಬರುವ ದಾರಿ ಉಳಿಯಲಿಲ್ಲ.

ಕಲ್ಯಾಣದ ಶರಣರು ಗಣಿಯನ್ನು ಕುರಿತು ಹೇಳಲಿಲ್ಲ. ಆದರೆ ಬಿದ್ದುದನ್ನು ಎತ್ತಿಕೊಳ್ಳುವ ವಿಷಯದಲ್ಲಿ ಅವರ ನಡೆ ಸ್ಪಷ್ಟವಾಗಿದೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು ವ್ರತ ತೊಟ್ಟಳು. ಪೊರಕೆ ಹಿಡಿದವಳ ಕಣ್ಣಿಗೆ ನೆಲದ ಮೇಲಿನದೆಲ್ಲವೂ ಮೊದಲು ಬೀಳುವುದು ಸಹಜ. ಕಂಡದ್ದು ತನ್ನದಲ್ಲವೆಂಬ ಅರಿವು ಕಾಣುವವನಿಗೇ ಹೆಚ್ಚು ಬೇಕೆಂಬುದನ್ನು ಆಕೆಯ ವ್ರತವು ತೋರಿಸುವುದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಇದಕ್ಕೂ ಮುಂದಿನ ಹೆಜ್ಜೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಚೆಲ್ಲಿದುದನ್ನು ಆಯುವುದು ತಪ್ಪಾಗಿದ್ದರೆ ಅದು ಕಾಯಕವೇ ಆಗುತ್ತಿರಲಿಲ್ಲ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದನು. ಅಕ್ಕಿ ಕದ್ದುದಲ್ಲ, ಯಾರೂ ಬೇಡವೆನ್ನಲಿಲ್ಲ, ಅಂಗಳದಲ್ಲಿ ಬಿದ್ದೇ ಇದ್ದಿತು. ಆದರೂ ಲಕ್ಕಮ್ಮನು ಒಪ್ಪಲಿಲ್ಲ. ದಿನದ ಅಳತೆಗೆ ಮಿಕ್ಕ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇದರ ಮರ್ಮವೇನು? ಮಾರಯ್ಯನು ದಿನವೂ ಆಯ್ದರೂ ಮಹಾಮನೆಯ ಕಣಜಕ್ಕೆ ಕುಂದಿಲ್ಲ, ಮರುದಿನ ಮತ್ತೆ ಚೆಲ್ಲುವುದು. ಅದು ದಾನ. ಮಿಕ್ಕುದನ್ನು ಕೂಡಿಡಲು ತೊಡಗಿದ ಗಳಿಗೆಯಿಂದ ಆಯುವ ಕೈ ಕಣಜಕ್ಕೆ ಚಾಚುವುದು. ಕೈ ಚಾಚುವ ಮೊದಲೇ ಲಕ್ಕಮ್ಮನು ಅದನ್ನು ಹಿಡಿದಳು. ನೌಬಾದಿನ ಕರೇಜಿನ ನೆಲಗಟ್ಟು ನೀರಿಗೆ ಮಾಡುವುದನ್ನು ಆಕೆ ಆಸೆಗೆ ಮಾಡಿದಳು.

ಶೋಧನೆ ಮಾತ್ರ ಮಾಡುವೆವು, ಅಗೆಯುವುದನ್ನು ಆಮೇಲೆ ನೋಡೋಣವೆಂಬ ಮಾತೊಂದು ಉಳಿದಿದೆ. ತಿಳಿಯುವುದರಲ್ಲಿ ಪಾಪವಿಲ್ಲವೆಂಬುದು ನಿಜ. ಅರಿವನ್ನು ಶರಣರು ಗುರುವೆಂದೇ ಕರೆದರು. ಆದರೆ ಗಣಿಯ ಶೋಧನೆ ಬರಿಯ ಅರಿವಲ್ಲ. ದಾರಿ ಕಡಿಯಬೇಕು, ಯಂತ್ರ ಸಾಗಿಸಬೇಕು, ಬಂಡೆಗೆ ರಂಧ್ರ ಕೊರೆಯಬೇಕು, ಇದಕ್ಕೆಲ್ಲ ಹಣ ಹಾಕಿದವರು ಲಾಭವನ್ನು ಎದುರು ನೋಡುತ್ತಿರುವರು. ಮುಚ್ಚಿ ಒಪ್ಪಿಸಿದ ಪೆಟ್ಟಿಗೆಯ ಬೀಗವನ್ನು ಎಣಿಸುವುದಕ್ಕೆಂದು ತೆರೆದವನು ಎಣಿಸಿ ಮತ್ತೆ ಮುಚ್ಚುವನೆಂಬುದಕ್ಕೆ ಪ್ರಮಾಣವೇನು? ಎಣಿಸಿದ ಮೇಲೆಯೂ ಬಿಟ್ಟುಬರಬಲ್ಲವನೇ ಎಣಿಸಲು ಅರ್ಹನು. ಆ ನಿರ್ಧಾರ ಮೊದಲೇ ಇರದಲ್ಲಿ ಶೋಧನೆಯು ಉಣ್ಣುವುದರ ಮೊದಲ ತುತ್ತಾಗುವುದು.

ಇದೆಲ್ಲ ಆಗದ ಮಾತೆಂದು ನಿರಾಶರಾಗಬೇಕಾಗಿಲ್ಲ. ಕರ್ನಾಟಕದಲ್ಲಿಯೇ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಸೀಮೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ದೊಡ್ಡ ಗಣಿ ನಡೆದಿತ್ತು. ೨೦೦೨ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ೨೦೦೫ರ ಕೊನೆಗೆ ಅದು ನಿಂತಿತು. ಅದಿರು ಮುಗಿದು ನಿಂತುದಲ್ಲ, ಅದಿರಿರುವಾಗಲೇ ನಿಲ್ಲಿಸಿದ್ದು. ಅಲ್ಲಿ ದುಡಿಯುತ್ತಿದ್ದವರ ಸಂಸಾರಗಳಿಗೆ ಅದರಿಂದ ಕಷ್ಟವಾದುದನ್ನೂ ಮರೆಯಬಾರದು. ಅದಿರನ್ನು ತೊಳೆದ ಕೆಸರು ಲಖ್ಯಾ ಹಳ್ಳದ ಒಡ್ಡಿನ ಹಿಂದೆ ಇಂದಿಗೂ ನಿಂತಿದೆ. ದೂರದ ಅರ್ಜೆಂಟೀನ ದೇಶವು ೨೦೧೦ರಲ್ಲಿ ಹಿಮನದಿಗಳನ್ನೂ ಅವುಗಳ ನೆರೆಯನ್ನೂ ಗಣಿಯಿಂದ ರಕ್ಷಿಸಲು ಕಾಯಿದೆಯನ್ನೇ ಮಾಡಿತು. ಬೀದರಿನಲ್ಲಿ ಬಹುಕಾಲ ಕಸಕಡ್ಡಿ ತುಂಬಿ ಮರೆತುಹೋಗಿದ್ದ ನೌಬಾದಿನ ಕರೇಜನ್ನು ಕೆಲವು ವರ್ಷಗಳ ಹಿಂದೆ ಶೋಧಿಸಿ ಹೂಳೆತ್ತಿದಾಗ ಸುರಂಗದಲ್ಲಿ ಮತ್ತೆ ನೀರು ಕಾಣಿಸಿಕೊಂಡಿತು. ಐದುನೂರು ವರ್ಷಗಳ ನಿಕ್ಷೇಪವನ್ನು ಕೆಂಪು ಕಲ್ಲು ಕಾದಿಟ್ಟಿತ್ತು. ಅದೂ ಶೋಧನೆಯೇ; ಆದರೆ ಒಯ್ಯುವುದಕ್ಕಾಗಿ ಅಲ್ಲ, ಮರಳಿ ಬರುವುದಕ್ಕೆ ದಾರಿ ಬಿಡಿಸುವುದಕ್ಕಾಗಿ.

ಈಗ ಮಾಂಜ್ರೆಯ ದಂಡೆಯ ಗೃಹಸ್ಥನ ಬಳಿಗೆ ಮರಳಬೇಕು. ಅವನಿಗೆ ದಾರಿ ಕೊಡಬೇಡವೆಂದು ಹೇಳುವುದು ಸುಲಭ. ಹೇಳಿದವನ ಮನೆಯಲ್ಲಿ ಅಂದು ರೊಟ್ಟಿಯಿರುವುದು. ಪಕ್ಕದವನು ಕೊಡುವನೆಂಬ ಮಾತು ಅವನ ದೋಷವನ್ನು ಕಳೆಯದು. ಏಕೆಂದರೆ ಕಾಯುವ ಹೊಣೆ ಪ್ರತಿಯೊಬ್ಬನ ಪಾಲಿಗೂ ಇಡಿಯಾಗಿಯೇ ಇರುವುದು, ಹಂಚಿದಂತೆ ಚಿಕ್ಕದಾಗದು. ಪರವಾನಗಿಯ ಕಾಗದವಿದ್ದ ಮಾತ್ರಕ್ಕೂ ಅದು ಕಳೆಯದು. ಕಾಗದವು ದಂಡದಿಂದ ಕಾಯಬಲ್ಲುದೇ ಹೊರತು ಬತ್ತಿದ ಬಾವಿಯಿಂದ ಕಾಯಲಾರದು. ದಾರಿ ಕೊಟ್ಟ ಹಣದಿಂದ ಮದುವೆ ನಡೆದೀತು. ಆದರೆ ಮರಳು ಹೋದ ಮೇಲೆ ಅವನ ಬಾವಿಯೂ, ಅವನ ತಮ್ಮನ ಬಾವಿಯೂ, ದಂಡೆಯ ಎಲ್ಲ ಬಾವಿಗಳೂ ಇಳಿದಾವು. ತವರಿಗೆ ಬಂದ ಮಗಳಿಗೆ ಒಂದು ತಂಬಿಗೆ ನೀರು ಕೊಡಲು ಟ್ಯಾಂಕರನ್ನು ಕಾಯಬೇಕಾದೀತು. ಇದನ್ನು ಅವನು ತಾನೇ ಬಲ್ಲನು. ತಿಳಿಯದೆ ಅಲ್ಲ, ತಾಳಲಾರದೆ ಅವನು ದಾರಿ ಕೊಡುವನು.

ಆದಕಾರಣ ಈ ಧರ್ಮವು ಅವನೊಬ್ಬನ ಮೇಲೆ ಹೊರಿಸತಕ್ಕುದಲ್ಲ. ಲಕ್ಕಮ್ಮನು ಮಿಕ್ಕ ಅಕ್ಕಿಯನ್ನು ಹಿಂದಿರುಗಿಸಬಲ್ಲವಳಾದುದು ನಾಳೆಯ ಅಂಗಳದಲ್ಲಿ ನಂಬುಗೆಯಿದ್ದುದರಿಂದ. ಆ ನಂಬುಗೆಯನ್ನು ಕೊಟ್ಟುದು ಕಲ್ಯಾಣದ ಶರಣ ಸಮೂಹ. ಬರದ ವರ್ಷದಲ್ಲಿ ಊರಿನ ಉಳ್ಳವರು ಬಡ್ಡಿಯಿಲ್ಲದ ಕಡವನ್ನೂ ಬಿತ್ತುವ ಬೀಜವನ್ನೂ ಕೊಡುವುದು, ಮದುವೆಯ ಆಡಂಬರವನ್ನು ಮೊದಲು ದೊಡ್ಡವರ ಮನೆಯಲ್ಲಿಯೇ ತಗ್ಗಿಸುವುದು, ಊರೆಲ್ಲ ಸೇರಿ ಕೆರೆಯ ಗೋಡನ್ನೆತ್ತುವುದು: ಇವು ದಾಸೋಹದ ಕಾಲೋಚಿತ ರೂಪಗಳು. ಹೀಗೆ ನೆರವಾಗದೆ ಬಡವನ ಮುಂದೆ ನಿಕ್ಷೇಪದ ಧರ್ಮವನ್ನು ಓದುವವನು, ತನ್ನ ಕೊಳವೆ ಬಾವಿಯನ್ನು ಇನ್ನಷ್ಟು ಇಳಿಸುತ್ತ ಅವನ ಮರಳಿನ ದಾರಿಯನ್ನು ಟೀಕಿಸುವವನು, ಕಾವಲುಗಾರನಲ್ಲ, ಇನ್ನೊಬ್ಬ ಉಣ್ಣುವವನೇ.

ಹಿಮದ ನಾಡಿನ ಬೆಟ್ಟದಲ್ಲಿ ಏನು ನಡೆಯಬೇಕೆಂಬುದನ್ನು ಬೀದರಿನ ಭಕ್ತರು ನಿರ್ಣಯಿಸಲಾರರು. ಭಾಲ್ಕಿಯ ಹೊಳೆಯಲ್ಲಿ, ಔರಾದದ ಕೆರೆಯಲ್ಲಿ, ಬೀದರಿನ ಕೆಂಪು ಕಲ್ಲಿನಲ್ಲಿ ಏನು ನಡೆಯಬೇಕೆಂಬುದನ್ನು ನಿರ್ಣಯಿಸಬಲ್ಲರು. ಮುಂದಿನ ಬೇಸಗೆಯಲ್ಲಿ ನೀರು ಸರಿದ ನೆಲದ ಮೇಲೆ ನಿಂತು, ಎದುರಿಗೆ ಕಂಡ ಒಡವೆಯನ್ನು ಎತ್ತಿಕೊಳ್ಳುವ ಮೊದಲು, ಇದು ನಿಧಿಯೋ ನಿಕ್ಷೇಪವೋ ಎಂದು ಒಂದು ಗಳಿಗೆ ಕೇಳಿಕೊಂಡರೂ ಸಾಕು. ನಿಕ್ಷೇಪವೆಂದು ತಿಳಿದವನು ಅದನ್ನು ಬಿಟ್ಟು ಮನೆಗೆ ಬರುವನು. ಬಂದವನ ಕೈ ಬರಿದಾಗಿದ್ದರೆ ಅದನ್ನು ತುಂಬುವ ಹೊಣೆ ನೆರೆಯವರದು. ಹೀಗೆ ಕಾಯುವವರು ಒಬ್ಬರನ್ನೊಬ್ಬರು ಕಾಯುವಲ್ಲಿ ನೀರೂ ನಿಲ್ಲುವುದು, ಧರ್ಮವೂ ನಿಲ್ಲುವುದು.